ಕುಂಡದ ಮಣ್ಣಿಗೆ ಚುಚ್ಚುವ ತೇವಮಾಪಕ: ಎಂಟು ತಿಂಗಳ ಬಳಕೆಯ ಬಳಿಕ

ಮನೆಯೊಳಗಿನ ಗಿಡಗಳನ್ನು ಬಾಯಾರಿಕೆಗಿಂತ ಹೆಚ್ಚಾಗಿ ಕೊಲ್ಲುವುದು ನಮ್ಮ ಅತಿಯಾದ ಕಾಳಜಿಯೇ ಎಂಬುದನ್ನು ನಾನು ತಿಳಿದದ್ದು ಎರಡು ಸ್ನೇಕ್ ಪ್ಲಾಂಟ್‌ಗಳನ್ನು ಬುಡದಲ್ಲೇ ಕೊಳೆಸಿದ ಮೇಲೆ. ಆಗ ಕೊಂಡದ್ದು ಈ ತೇವಮಾಪಕ. ಪ್ಲಾಸ್ಟಿಕ್ಕಿನ ಪುಟ್ಟ ತಲೆ, ಅದರಲ್ಲೊಂದು ಮುಳ್ಳು, ಕೆಳಗೆ ಸುಮಾರು 20 ಸೆಂಟಿಮೀಟರ್ ಉದ್ದದ ಎರಡು ಲೋಹದ ಕಡ್ಡಿಗಳು, ಬ್ಯಾಟರಿಯ ಹಂಗಿಲ್ಲ. ಗುಂಡಿಯನ್ನು ಅತ್ತಿತ್ತ ಸರಿಸಿದರೆ ಬೆಳಕನ್ನೂ ಮಣ್ಣಿನ ಆಮ್ಲೀಯತೆಯನ್ನೂ ಅಳೆಯುತ್ತದೆಂದು ಡಬ್ಬಿಯ ಮೇಲೆ ಬರೆದಿದೆ. ಈ ಮೂರರಲ್ಲಿ ಒಂದು ಕೆಲಸವನ್ನು ಇದು ಚೆನ್ನಾಗಿಯೇ ಮಾಡುತ್ತದೆ, ಇನ್ನೊಂದನ್ನು ಅರೆಬರೆಯಾಗಿ ಮಾಡುತ್ತದೆ, ಮೂರನೆಯದನ್ನು ಕೊಳ್ಳುವವರು ಲೆಕ್ಕಕ್ಕೇ ಹಿಡಿಯಬಾರದು.

ಅಳತೆಯ ಮುಖದಲ್ಲಿ 1ರಿಂದ 10ರವರೆಗೆ ಅಂಕಿಗಳಿವೆ. 3ರವರೆಗೆ ಒಣ, 4ರಿಂದ 7 ಹದ, ಅದರಾಚೆ ಒದ್ದೆ. ಈ ಅಂಕಿಗಳನ್ನು ನಂಬುವ ಮುನ್ನ ಮುಳ್ಳು ಯಾವುದಕ್ಕೆ ಕದಲುತ್ತದೆಂದು ತಿಳಿದಿರಬೇಕು. ಎರಡು ಕಡ್ಡಿಗಳು ಬೇರೆ ಬೇರೆ ಲೋಹದವು. ಅವುಗಳ ನಡುವೆ ಒದ್ದೆ ಮಣ್ಣು ಸೇರಿದಾಗ ಇಡೀ ಉಪಕರಣವೇ ದುರ್ಬಲವಾದ ಒಂದು ವಿದ್ಯುತ್ ಕೋಶವಾಗಿ, ಹರಿಯುವ ಅಲ್ಪ ವಿದ್ಯುತ್ತಿಗೆ ಮುಳ್ಳು ತಿರುಗುತ್ತದೆ. ಹೀಗಾಗಿ ನೀರಿನ ಜೊತೆಗೆ ಅದರಲ್ಲಿ ಕರಗಿದ ಲವಣಗಳೂ ಅಂಕಿಯೊಳಗೆ ಸೇರಿಕೊಳ್ಳುತ್ತವೆ. ಕುತೂಹಲಕ್ಕೆ ಒಂದು ಲೋಟ ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ ನೋಡಿದರೆ ಮುಳ್ಳು ಅರ್ಧಕ್ಕೂ ಏರಲಿಲ್ಲ. ಚಿಟಿಕೆ ಉಪ್ಪು ಹಾಕಿದೊಡನೆ ಕೊನೆಗೆ ಹೋಗಿ ನಿಂತಿತು. ಲೋಟದ ನೀರು ಮಾತ್ರ ಎರಡು ಸಲವೂ ಅಷ್ಟೇ ಇತ್ತು. ದ್ರವಗೊಬ್ಬರ ಕೊಟ್ಟ ಮರುದಿನವಾಗಲಿ, ವರ್ಷಗಟ್ಟಲೆ ಬದಲಿಸದೆ ಅಂಚಿನಲ್ಲಿ ಬಿಳಿಯ ಪದರ ಕಟ್ಟಿರುವ ಹಳೆಯ ಮಣ್ಣಿನಲ್ಲಾಗಲಿ ಇದು ಇದ್ದದ್ದಕ್ಕಿಂತ ಹೆಚ್ಚು ತೇವವನ್ನು ತೋರಿಸುವುದು ಈ ಕಾರಣಕ್ಕೇ.

ಹಾಗಿದ್ದೂ ನಾನಿದನ್ನು ಮೂಲೆಗೆಸೆಯದೆ ಇಟ್ಟುಕೊಂಡಿರುವುದಕ್ಕೆ ಪೀಸ್ ಲಿಲಿ ಕಾರಣ. ಈ ಗಿಡ ಬಾಯಾರಿದಾಗ ಎಲೆಗಳನ್ನೆಲ್ಲ ಜೋತುಬಿಡುತ್ತದೆ, ನೀರು ಕೊಟ್ಟ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ. ಆ ನಾಟಕಕ್ಕೆ ನಾನು ಒಗ್ಗಿಹೋಗಿದ್ದೆ. ಆದರೆ ಬೇರು ಕೊಳೆತಾಗಲೂ ಎಲೆ ಜೋಲುವುದು ಹೀಗೆಯೇ. ಮಣ್ಣಿನ ಸಂದುಗಳಲ್ಲಿ ಗಾಳಿ ಇರಬೇಕಾದ ಜಾಗವನ್ನೆಲ್ಲ ನೀರು ತುಂಬಿಕೊಂಡರೆ ಬೇರುಗಳು ಉಸಿರಾಡಲಾಗದೆ ಸಾಯುತ್ತವೆ, ಸತ್ತ ಬೇರು ಸುತ್ತಲೂ ನೀರಿದ್ದರೂ ಅದನ್ನು ಮೇಲಕ್ಕೆ ಎಳೆಯಲಾರದು. ಒಂದು ಬೆಳಿಗ್ಗೆ ಗಿಡ ಜೋತಿತ್ತು, ಬೆರಳಿಗೆ ಮೇಲ್ಮಣ್ಣು ಒಣಗಿದಂತೆ ತೋರಿತು, ನೀರಿನ ಚೊಂಬು ಕೈಯಲ್ಲೇ ಇತ್ತು. ಅನುಮಾನದಿಂದಲೇ ಕಡ್ಡಿಯನ್ನು ತಳದವರೆಗೆ ಇಳಿಸಿದಾಗ ಮುಳ್ಳು 9ಕ್ಕೆ ಹೋಯಿತು. ಎತ್ತಿ ನೋಡಿದರೆ ಅಲಂಕಾರದ ಹೊರಕುಂಡದಲ್ಲಿ ಹಿಂದಿನ ವಾರದ ನೀರು ನಿಂತಿತ್ತು, ಕೆಳಗಿನ ಬೇರುಗಳು ಕಂದಾಗಿ ಮೆತ್ತಗಾಗಿದ್ದವು. ನೀರು ಬಸಿಯಲೆಂದು ಒಳಕುಂಡದ ತಳದಲ್ಲಿ ಜಲ್ಲಿ ಹಾಸಿದ್ದೆನಲ್ಲ, ಅದೂ ನೆರವಾಗಿರಲಿಲ್ಲ: ಮೇಲಿನ ನುಣುಪಾದ ಮಣ್ಣು ಪೂರ್ತಿ ನೆನೆಯುವವರೆಗೆ ಜಲ್ಲಿಗೆ ನೀರನ್ನು ಬಿಟ್ಟುಕೊಡುವುದಿಲ್ಲವಾದ್ದರಿಂದ, ಒದ್ದೆಯ ಪದರ ಬೇರುಗಳಿರುವಲ್ಲಿಗೇ ಇನ್ನಷ್ಟು ಏರಿ ಕೂರುತ್ತದೆ. ಕೊಳೆತ ಬೇರನ್ನು ಕತ್ತರಿಸಿ ಹೊಸ ಮಣ್ಣಿಗೆ ಹಾಕಿದೆ; ಗಿಡ ಉಳಿಯಿತು. ಬೆರಳು ಎರಡು ಅಂಗುಲ ಇಳಿಯುತ್ತದೆ, ಈ ಕಡ್ಡಿ ತಳ ಮುಟ್ಟುತ್ತದೆ. ಆಳವಾದ ಕುಂಡಗಳನ್ನು ಇಟ್ಟುಕೊಂಡವರಿಗೆ ಇದರ ಬೆಲೆ ತೀರುವುದು ಅಲ್ಲಿಯೇ.

ಫಿಲೋಡೆಂಡ್ರಾನ್ ವಿಷಯದಲ್ಲಿ ಇದು ನನ್ನನ್ನು ಅಷ್ಟೇ ದಾರಿ ತಪ್ಪಿಸಿತು. ಮರದ ತೊಗಟೆ, ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳು ಮತ್ತು ತೆಂಗಿನ ನಾರು ಬೆರೆಸಿದ ಒರಟು ಮಿಶ್ರಣದಲ್ಲಿ ಕಡ್ಡಿಯ ಸುತ್ತ ಗಾಳಿಯೇ ಹೆಚ್ಚಿರುವುದರಿಂದ, ನೀರು ಹಾಕಿದ ಅರ್ಧ ಗಂಟೆಗೂ ಮುಳ್ಳು 1 ಬಿಟ್ಟು ಕದಲುವುದಿಲ್ಲ. ಅಂಕಿಯನ್ನು ನಂಬಿ ಮತ್ತೆ ಮತ್ತೆ ನೀರು ಹೊಯ್ದು ಎರಡು ಎಲೆಗಳನ್ನು ಹಳದಿ ಮಾಡಿಕೊಂಡೆ. ಇಂಥ ಮಿಶ್ರಣದ ಕುಂಡವನ್ನು ಎತ್ತಿ ಭಾರ ನೋಡುವುದೇ ಸರಿ. ಜೊತೆಗೆ ಕೊಟ್ಟಿರುವ ಪಟ್ಟಿಯೂ ಅರ್ಧ ಸತ್ಯ: ಯಾವ ಗಿಡಕ್ಕೆ ಯಾವ ಅಂಕಿ ಎಂದು ಅದು ಹೇಳುತ್ತದೆ, ಯಾವ ಮಣ್ಣಿನಲ್ಲಿ ಎಂದು ಹೇಳುವುದಿಲ್ಲ. ನೆಲದಡಿಯ ಗೆಡ್ಡೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಜೆಡ್‌ಜೆಡ್ ಪ್ಲಾಂಟ್ ಮತ್ತು ದಪ್ಪ ಎಲೆಯ ಸ್ನೇಕ್ ಪ್ಲಾಂಟ್‌ಗೆ ನಾನು ಮುಳ್ಳು ತಳದಲ್ಲಿಯೂ 1ಕ್ಕೆ ಇಳಿದ ಮೇಲೆ ಇನ್ನೂ ಕೆಲವು ದಿನ ಕಾಯುತ್ತೇನೆ.

ಬೆಳಕಿನ ಅಳತೆ 2000 ಲಕ್ಸ್‌ಗೆ ಮುಗಿದುಹೋಗುತ್ತದೆ. ನೇರ ಬಿಸಿಲು ಒಂದು ಲಕ್ಷ ಲಕ್ಸ್‌ನ ಆಸುಪಾಸಿಗೆ ಏರಬಲ್ಲದು. ಹಾಗಾಗಿ ಕಿಟಕಿಯ ಬಳಿ ಮುಳ್ಳು ಸುಮ್ಮನೆ ಕೊನೆಗೆ ತಗುಲಿ ನಿಲ್ಲುತ್ತದೆ. ಕೋಣೆಯ ಒಳಭಾಗದಲ್ಲಿ ಮಾತ್ರ ಅದು ಕಣ್ಣು ತೆರೆಸುತ್ತದೆ, ಏಕೆಂದರೆ ಮಂದ ಬೆಳಕಿಗೆ ಬೇಗ ಹೊಂದಿಕೊಳ್ಳುವ ನಮ್ಮ ಕಣ್ಣು ಕಿಟಕಿಯಿಂದ ಎರಡು ಮೀಟರ್ ಒಳಗೆ ಬೆಳಕು ಎಷ್ಟು ಕುಸಿದಿದೆಯೆಂದು ಹೇಳಲಾರದು. ಚೆನ್ನಾಗಿ ಬೆಳಗಿದೆಯೆಂದು ನಾನು ಭಾವಿಸಿದ್ದ ಮೂಲೆಯಲ್ಲಿ 200ಕ್ಕೂ ಕಡಿಮೆ ಬಂದಾಗ, ಅಲ್ಲಿಗೆಂದು ಆರಿಸಿಟ್ಟಿದ್ದ ಕ್ರೋಟನ್ ಯೋಚನೆಯನ್ನು ಕೈಬಿಟ್ಟು, ಕಡಿಮೆ ಬೆಳಕನ್ನು ತಾಳಿಕೊಳ್ಳುವ ಜೆಡ್‌ಜೆಡ್ ಪ್ಲಾಂಟ್ ತಂದೆ. ತಾಳಿಕೊಳ್ಳುವುದೆಂದರೆ ಇಷ್ಟಪಡುವುದೆಂದಲ್ಲ, ಅದು ಅಲ್ಲಿ ತೀರ ನಿಧಾನವಾಗಿ ಬೆಳೆಯುತ್ತಿದೆ, ನಿಧಾನವಾಗಿ ಬೆಳೆಯುವುದರಿಂದ ಕುಡಿಯುವ ನೀರೂ ಕಡಿಮೆ.

ಆಮ್ಲೀಯತೆಯ ಅಳತೆ ಒಂದೇ ಕುಂಡದಲ್ಲಿ ಬೆಳಿಗ್ಗೆಗೊಂದು, ಸಂಜೆಗೊಂದು ಅಂಕಿ ಕೊಟ್ಟಿತು. ಆ ಬಳಿಕ ಆ ಗುಂಡಿಯನ್ನು ಮುಟ್ಟಿಲ್ಲ.

ಕಡ್ಡಿಯನ್ನು ಕಾಂಡಕ್ಕೂ ಕುಂಡದ ಅಂಚಿಗೂ ನಡುವೆ ಮೆಲ್ಲಗೆ ಇಳಿಸಬೇಕು, ಬೇರು ತಡೆದರೆ ಒತ್ತದೆ ಜಾಗ ಬದಲಿಸಬೇಕು, ಒಂದೇ ಕುಂಡದಲ್ಲಿ ಎರಡು ಕಡೆ ನೋಡಬೇಕು. ಮಣ್ಣಿನಲ್ಲೇ ಬಿಟ್ಟರೆ ಲೋಹದ ಮೇಲೆ ಕಿಲುಬು ಕಟ್ಟಿ ಅಂಕಿಗಳು ಇಳಿಯತೊಡಗುತ್ತವೆ. ಆರನೆಯ ತಿಂಗಳಲ್ಲಿ ನನ್ನದು ಎಲ್ಲ ಕುಂಡಗಳನ್ನೂ ಒಣವೆಂದು ಹೇಳತೊಡಗಿತ್ತು. ನಯವಾದ ಉಪ್ಪುಕಾಗದದಿಂದ ಕಡ್ಡಿಗಳನ್ನು ಉಜ್ಜಿ ಒರೆಸಿದ ಮೇಲೆ ಮತ್ತೆ ದಾರಿಗೆ ಬಂದಿದೆ.