ಗ್ರಿಲ್ ಜಾಲರಿಯ ತುಕ್ಕಿಗೆ ಇವಾಪೋ-ರಸ್ಟ್: ಕೆಲಸ ಮಾಡುತ್ತದೆ, ಜಿಡ್ಡು ಹೋಗಿದ್ದರೆ

ಬೀಡುಕಬ್ಬಿಣದ ಗ್ರಿಲ್ ಜಾಲರಿಯಲ್ಲಿ ತುಕ್ಕು ಸತಾಯಿಸುವುದು ಮೇಲ್ಗಡೆಯಲ್ಲಲ್ಲ, ಸರಳುಗಳು ಅಡ್ಡಪಟ್ಟಿಗೆ ಸೇರುವ ಒಳಮೂಲೆಗಳಲ್ಲಿ. ಅಲ್ಲಿಗೆ ಬ್ರಷ್ ತಲುಪುವುದಿಲ್ಲ, ಸ್ಟೀಲ್ ನಾರು ತಲುಪಿದರೂ ಉಜ್ಜಲು ಜಾಗವಿರುವುದಿಲ್ಲ. ನೆನೆಹಾಕಿ ತುಕ್ಕು ಬಿಡಿಸುವ ಇವಾಪೋ-ರಸ್ಟ್ ಕೊಟ್ಟ ದುಡ್ಡಿಗೆ ನ್ಯಾಯ ಮಾಡುವುದು ಈ ಮೂಲೆಗಳಲ್ಲೇ.

ಇದು ಆಮ್ಲವಲ್ಲ. ಇದರಲ್ಲಿರುವ ಕೀಲೇಟಿಂಗ್ ರಾಸಾಯನಿಕ ತುಕ್ಕಿನೊಳಗಿನ ಕಬ್ಬಿಣವನ್ನು ಹಿಡಿದು ದ್ರಾವಣಕ್ಕೆ ಎಳೆದುಕೊಳ್ಳುತ್ತದೆ. ಕೆಳಗಿನ ಗಟ್ಟಿ ಲೋಹದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ವಿನೆಗರ್ ಹಾಗಲ್ಲ. ತುಕ್ಕು ಮುಗಿದ ಮೇಲೆ ಅದು ಕಬ್ಬಿಣವನ್ನೇ ತಿನ್ನತೊಡಗುತ್ತದೆ. 5% ವಿನೆಗರ್‌ಗೆ ಸಮಪಾಲು ನೀರು ಬೆರೆಸಿ, ಅರ್ಧ ಗಂಟೆಗೊಮ್ಮೆ ಎತ್ತಿ ನೋಡುತ್ತಿರಬೇಕು. ರಾತ್ರಿಯಿಡೀ ಮರೆತರೆ ಮೈಯೆಲ್ಲ ಬೂದುಬಣ್ಣಕ್ಕೆ ತಿರುಗಿ ತರಿತರಿಯಾಗುತ್ತದೆ. ತೆಳುವಾದ ಹೊಸ ತುಕ್ಕಿಗೆ ವಿನೆಗರ್ ಧಾರಾಳವಾಗಿ ಸಾಕು. ಪದರ ಕಟ್ಟಿದ ತುಕ್ಕಿಗೆ ಇವಾಪೋ-ರಸ್ಟ್ ಮೇಲು.

ಆದರೆ ಇದು ಜಿಡ್ಡನ್ನು ಕರಗಿಸುವುದಿಲ್ಲ. ಹಳೆಯ ಎಣ್ಣೆಯ ಪದರ, ಕರಕಲಾದ ಕೊಬ್ಬು ಇರುವ ಕಡೆ ದ್ರಾವಣ ತುಕ್ಕನ್ನು ಮುಟ್ಟುವುದೇ ಇಲ್ಲ; ಹನ್ನೆರಡು ಗಂಟೆ ನೆನೆದರೂ ಅಲ್ಲಲ್ಲಿ ಕೆಂಪು ಹಾಗೇ ಉಳಿಯುತ್ತದೆ. "ಕೆಲಸ ಮಾಡಲಿಲ್ಲ" ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ. ಬಿಸಿನೀರು, ಪಾತ್ರೆ ತೊಳೆಯುವ ಸೋಪಿನಿಂದ ಚೆನ್ನಾಗಿ ಉಜ್ಜಿ. ಅದಕ್ಕೂ ಜಗ್ಗದಿದ್ದರೆ ಕಾಸ್ಟಿಕ್ ಸೋಡಾ ಇರುವ ಓವನ್ ಕ್ಲೀನರ್ ಸಿಂಪಡಿಸಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ದಿನ ಬಿಡಿ. ಕೈಗವಸು, ಕಣ್ಣಿಗೆ ರಕ್ಷಣೆ ಎರಡೂ ಬೇಕೇ ಬೇಕು. ಎನಾಮೆಲ್ ಹೊದಿಕೆಯ ಜಾಲರಿಯಾದರೆ ಈ ಯಾವ ಉಸಾಬರಿಗೂ ಹೋಗಬೇಡಿ. ಅದು ಎಣ್ಣೆ ಸವರಿ ಕಾಯಿಸಿ ಪಳಗಿಸುವ ಜಾತಿಯದಲ್ಲ.

ಜಾಲರಿ ಪೂರ್ತಿ ಮುಳುಗಿರಬೇಕು. ಅರ್ಧ ಮುಳುಗಿಸಿ ಆಮೇಲೆ ತಿರುಗಿಸಿದರೆ ದ್ರಾವಣದ ಅಂಚು ತಾಗಿದ್ದಲ್ಲಿ ಕಪ್ಪು ಗೆರೆ ಮೂಡುತ್ತದೆ. 50 × 30 ಸೆಂ.ಮೀ. ಟ್ರೇನಲ್ಲಿ 3 ಸೆಂ.ಮೀ. ಎತ್ತರಕ್ಕೆ ಸುಮಾರು 4.5 ಲೀಟರ್ ಬೇಕು. ಅಷ್ಟಿಲ್ಲದಿದ್ದರೆ ನೀರು ತುಂಬಿ ಮುಚ್ಚಿದ ಬಾಟಲಿಗಳನ್ನು ಖಾಲಿ ಜಾಗದಲ್ಲಿ ಮಲಗಿಸಿ, ಮಟ್ಟ ಏರುತ್ತದೆ. ಚಳಿಯಲ್ಲಿ ಕೆಲಸ ತೀರಾ ನಿಧಾನ, ಹಾಗಾಗಿ ಬೆಚ್ಚಗಿನ ಕೋಣೆಯಲ್ಲಿಡಿ. ಬಳಸಿದ ದ್ರಾವಣವನ್ನು ಸೋಸಿಟ್ಟು ಮತ್ತೆ ಬಳಸಬಹುದು; ಕಪ್ಪಾಗಿ, ತುಕ್ಕು ಬಿಡಿಸದೆ ಹೋದಾಗ ಅದರ ಆಯುಸ್ಸು ಮುಗಿಯಿತು.

ಎತ್ತಿದ ಮೇಲೆ ತಡಮಾಡುವಂತಿಲ್ಲ. ಸೋಪಿನಿಂದ ತೊಳೆದ ಬರಿಮೈ ಕಬ್ಬಿಣ ಕಣ್ಣೆದುರೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಬಟ್ಟೆಯಿಂದ ಒರೆಸಿ ನೇರ ಓವನ್‌ಗೆ, 100 ಡಿಗ್ರಿಯಲ್ಲಿ ಅರ್ಧ ಗಂಟೆ. ಮೂಲೆಗಳ ನೀರು ಆರುವುದು ಹೀಗೆ ಮಾತ್ರ.

ಪಳಗಿಸಲು ಅಗಸೆ ಎಣ್ಣೆಯನ್ನು ಹಲವರು ಹೊಗಳುತ್ತಾರೆ. ಗ್ರಿಲ್‌ಗೆ ಅದು ಬೇಡ: ಪದರ ಗಾಜಿನಂತೆ ಗಟ್ಟಿ, ಆದರೆ ಬೇಗ ಬಿರಿಯುವಂಥದ್ದು, ಬೆಂಕಿಯ ಏರಿಳಿತಕ್ಕೆ ಚಕ್ಕೆಯೇಳುತ್ತದೆ. ಕ್ಯಾನೋಲಾ ಅಥವಾ ಸೋಯಾ ಎಣ್ಣೆಯೇ ಒಳ್ಳೆಯದು. ಬೆಚ್ಚಗಿರುವಾಗಲೇ ಎಲ್ಲ ಕಡೆ ಸವರಿ, ಆಮೇಲೆ ಒಣಬಟ್ಟೆಯಿಂದ ಎಣ್ಣೆಯೇ ಉಳಿದಿಲ್ಲ ಅನ್ನಿಸುವಷ್ಟು ಒರೆಸಿ. ಜಾಲರಿಯನ್ನು ಬೋರಲಾಗಿಟ್ಟು 230 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ, ಓವನ್‌ನಲ್ಲೇ ತಣಿಯಲು ಬಿಡಿ. ಹೊಗೆ ಬರುತ್ತದೆ, ಕಿಟಕಿ ತೆರೆದಿರಲಿ. ಹೀಗೆ ಮೂರು ಸಲ. ಬೆರಳಿಗೆ ಅಂಟಂಟಾದರೆ ಎಣ್ಣೆ ಹೆಚ್ಚಾಗಿತ್ತು ಎಂದರ್ಥ. ಹೊಸದಾಗಿ ಸವರದೆ ಇನ್ನೊಂದು ಗಂಟೆ ಅದೇ ಶಾಖದಲ್ಲಿಟ್ಟರೆ ಸಾಮಾನ್ಯವಾಗಿ ಗಟ್ಟಿಯಾಗುತ್ತದೆ.