ಹಳ್ಳದ ಹುಳ ನೋಡೋಕೆ 10 ಪಟ್ಟಿನ ಲೆನ್ಸ್: ಒಂದು ಮಳೆಗಾಲ ಬಳಸಿದ ಮೇಲೆ

ಅಕ್ಕಸಾಲಿಗರು ಕಣ್ಣಿಗೆ ಹಿಡಿಯುತ್ತಾರಲ್ಲ, ಅದೇ ಮಡಚುವ ಲೆನ್ಸ್. ಶಿವಮೊಗ್ಗದಲ್ಲಿ 280 ರೂಪಾಯಿಗೆ ತಂದೆ. ಮೊದಲು ತರಿಸಿದ್ದ ಇನ್ನೊಂದರ ಮೇಲೆ 30 ಪಟ್ಟು ಅಂತ ಅಚ್ಚಾಗಿತ್ತು. ಅಂಚೆಲ್ಲ ಮಸುಕು, ಹುಳ ಕಣ್ಣಿಗೆ ಸಿಗುವಷ್ಟರಲ್ಲಿ ಜಾರಿ ಹೋಗುತ್ತಿತ್ತು. 10 ಪಟ್ಟು ಧಾರಾಳ ಸಾಕು.

ತೀರ್ಥಹಳ್ಳಿ ಕಡೆಯ ನಮ್ಮ ಗದ್ದೆಯ ನೀರು ನೇರ ಹಳ್ಳಕ್ಕೇ ಇಳಿಯುತ್ತದೆ. ಭತ್ತದ ಕಾಂಡಕೊರಕಕ್ಕೆ ಕ್ಲೋರಾಂಟ್ರಾನಿಲಿಪ್ರೋಲ್ ಅನ್ನೋ ಕೀಟನಾಶಕ ಹೊಡೆಯುತ್ತೇವೆ, ಎಕರೆಗೆ 60 ಮಿಲಿ. ಬಾಟಲಿ ಮೇಲೆ ಹಸಿರು ತ್ರಿಕೋನ. ಹಸಿರು ಅಂದ್ರೆ ಭಯವಿಲ್ಲ ಅಂತಲೇ ನಾನೂ ತಿಳಿದಿದ್ದೆ. ಆದರೆ ಆ ಬಣ್ಣ ಹೇಳುವುದು ನಮ್ಮ ಮೈಗೆ ಎಷ್ಟು ವಿಷ ಅನ್ನೋದನ್ನ. ಹಳ್ಳದ ಲೆಕ್ಕ ಅದರಲ್ಲಿಲ್ಲ. ಲೀಟರ್ ನೀರಿಗೆ ಸುಮಾರು 12 ಮೈಕ್ರೋಗ್ರಾಂ ಸೇರಿದರೆ ಡಾಫ್ನಿಯಾ ಅನ್ನೋ ಸಣ್ಣ ನೀರುಜೀವಿಗಳಲ್ಲಿ ಅರ್ಧದಷ್ಟು 48 ಗಂಟೆಯಲ್ಲಿ ಅಲುಗಾಡದೆ ಬೀಳುತ್ತವೆ.

ಅದಕ್ಕೇ ಹಳ್ಳದ ಹುಳಗಳು ಇನ್ನೂ ಇವೆಯಾ ಅಂತ ಕಲ್ಲು ಎತ್ತಿ ನೋಡಬೇಕು. ಹರಿಯುವ ನೀರಿನ ಕಲ್ಲನ್ನು ಬಿಳಿ ತಟ್ಟೆಯಲ್ಲಿ ತೊಳೆಯಿರಿ. ಲೆನ್ಸನ್ನು ಕಣ್ಣಿಗೆ ಒತ್ತಿ, ಹುಳವನ್ನು ಒಂದಿಂಚು ಹತ್ತಿರ ತನ್ನಿ. ನೀರಲ್ಲಿ ಬೆಳೆಯುವ ಮೇಫ್ಲೈ ಅನ್ನೋ ಹಾರುಹುಳದ ಮರಿಯ ಹೊಟ್ಟೆಯ ಎರಡೂ ಪಕ್ಕ ಎಲೆಯಂಥ ಕಿವಿರು ಪಟಪಟ ಬಡಿಯುತ್ತಿರುತ್ತವೆ. ಬಾಲ ಹೆಚ್ಚಾಗಿ ಮೂರು. ಅಂಥದ್ದೇ ಇನ್ನೊಂದು ಹುಳ ಸ್ಟೋನ್‌ಫ್ಲೈ, ಅದರ ಮರಿಗೆ ಎರಡೇ. ಮೊದಲ ಸಲ ಆ ಕಿವಿರು ನೋಡಿದಾಗ ನೀರಲ್ಲಿ ನಿಂತು ಕಾಲು ಮರಗಟ್ಟಿದ್ದೂ ಗೊತ್ತಾಗಲಿಲ್ಲ.

ಆಗಸ್ಟ್‌ನಲ್ಲಿ ನಮ್ಮ ಗದ್ದೆಯಿಂದ ಮೇಲೆ ಐದು ಕಲ್ಲಿಗೆ 23 ಮೇಫ್ಲೈ ಸಿಕ್ಕವು. ಕೆಳಗೆ ಐದು ಕಲ್ಲಿಗೆ 4, ಜೊತೆಗೆ ಕೊಳಕು ನೀರನ್ನೂ ತಾಳುವ ಕೆಂಪು ಹುಳಗಳು ಜಾಸ್ತಿ. ಒಂದು ಸಲದ ಎಣಿಕೆಯಿಂದ ಔಷಧಿಯನ್ನೇ ದೂರುವಂತಿಲ್ಲ, ಕೆಸರೂ ಕಾರಣ ಇರಬಹುದು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ.

ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು 2005ರಲ್ಲಿ ಕೊಟ್ಟ, ಹಳ್ಳಕ್ಕೆ ಔಷಧಿ ಎಷ್ಟು ತಾಗಿದೆ ಅಂತ ಅಳೆಯುವ ಸ್ಪಿಯರ್ ಸೂಚ್ಯಂಕ ಇಂಥ ಹುಳಗಳ ಮೇಲೇ ನಿಂತಿದೆ. ಔಷಧಿ ಯಾವ ಹುಳಕ್ಕೆ ಬೇಗ ತಾಗುತ್ತದೆ, ಹೊಡೆಯುವ ಕಾಲದಲ್ಲಿ ಅದು ನೀರಲ್ಲೇ ಇರುತ್ತದಾ, ಸತ್ತ ಮೇಲೆ ಸಂತತಿ ಎಷ್ಟು ಬೇಗ ಮತ್ತೆ ತುಂಬುತ್ತದೆ, ಇವನ್ನೆಲ್ಲ ನೋಡುತ್ತಾರೆ. ವರ್ಷಕ್ಕೆ ಒಂದೇ ಪೀಳಿಗೆ ಇರುವ ಹುಳ ಹೋದರೆ ಬೇಗ ವಾಪಸ್ ಬರಲ್ಲ, ಅಲ್ವಾ? ಹುಳದ ನಿಖರ ಜಾತಿ ಗೊತ್ತಾಗದೆ ಅದರ ಕುಟುಂಬ ಮಾತ್ರ ಗುರುತಿಸಿದರೂ ಆ ಲೆಕ್ಕ ನಡೆಯುತ್ತದೆ. ಅಷ್ಟಕ್ಕೆ ಈ ಲೆನ್ಸ್ ಸಾಲುತ್ತದೆ. ಆದರೆ ಅದು ಯುರೋಪಿನ ಹಳ್ಳಗಳಿಗೆ ಮಾಡಿದ್ದು. ಅದರ ಅಂಕಿಯನ್ನು ಸುಮ್ನೆ ಇಲ್ಲಿಗೆ ಹಚ್ಚಬೇಡಿ.

ಕೊರತೆ ಎರಡು. ಮಳೆಯಲ್ಲಿ ಗಾಜಿಗೆ ಆವಿ ಕಟ್ಟುತ್ತದೆ. ದಾರ ಕಟ್ಟದಿದ್ದರೆ ನೀರಿಗೆ ಬಿದ್ದೇ ಬೀಳುತ್ತದೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಈ ಸಲ ಮಳೆ ಮೋಡ ಕಂಡರೆ ಔಷಧಿ ಹೊಡೆಯುವುದಿಲ್ಲ, ಹೊಡೆದ ಮೇಲೆ ಒಂದು ವಾರ ಗದ್ದೆಯ ನೀರು ಹಳ್ಳಕ್ಕೆ ಬಿಡುವುದಿಲ್ಲ ಅಂತ ಪಕ್ಕದ ಗದ್ದೆಯವರೂ ನಾನೂ ಮಾತಾಡಿಕೊಂಡಿದ್ದೇವೆ. ಆಮೇಲೆ ಅದೇ ಜಾಗದಲ್ಲಿ ಮತ್ತೆ ಎಣಿಸುತ್ತೇವೆ.