ಹಳೆಯ ಮಾರುತಿ 800ರ ಆಯಿಲ್ ಸೋರಿಕೆಗೆ ಸ್ಟಾಪ್ ಲೀಕ್ ದ್ರಾವಣ: ಬಳಸಿ ನೋಡಿದ ಅನುಭವ

ನಮ್ಮ 2004ರ ಮಾರುತಿ 800 ಕಾರು ಪೋರ್ಟಿಕೊದ ಕಡಪ ಕಲ್ಲಿನ ಮೇಲೆ ರಾತ್ರಿ ಕಳೆಯುವಷ್ಟರಲ್ಲಿ ಐದಾರು ಹನಿ ಎಂಜಿನ್ ಆಯಿಲ್ ಸುರಿಸತೊಡಗಿದಾಗ, ಮೊದಲು ತೋರಿಸಿದ ಗ್ಯಾರೇಜಿನವರು ಒಮ್ಮೆ ಬಗ್ಗಿ ನೋಡಿದವರೇ ಕ್ರ್ಯಾಂಕ್‌ನ ಹಿಂಬದಿಯ ಸೀಲ್ (ತಿರುಗುವ ಶಾಫ್ಟಿನ ಸುತ್ತ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ) ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಎಂದರು. ಸೀಲ್ ಅಗ್ಗದ್ದು, ಅದರವರೆಗೆ ತಲುಪುವ ಕೂಲಿಯೇ ದುಬಾರಿ. ಆದ್ದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯೊಂದರಿಂದ ಎಂಜಿನ್ ಆಯಿಲಿಗೆ ಬೆರೆಸುವ ಸ್ಟಾಪ್ ಲೀಕ್ ದ್ರಾವಣದ ಒಂದು ಬಾಟಲಿ ತಂದೆ.

ಅದನ್ನು ಸುರಿಯುವ ಮುನ್ನ ಇನ್ನೊಬ್ಬ ಮೆಕ್ಯಾನಿಕ್‌ಗೆ ಕಾರನ್ನು ತೋರಿಸಿದ್ದು ಒಳ್ಳೆಯದಾಯಿತು. ಅವರು ಎಂಜಿನ್ನನ್ನು ಸೀಮೆಎಣ್ಣೆಯಿಂದ ತೊಳೆದು ಒರೆಸಿ, ಸುತ್ತಲೂ ಟಾಲ್ಕಂ ಪೌಡರ್ ಉದುರಿಸಿ, ಅರ್ಧ ಗಂಟೆ ಓಡಿಸಿಕೊಂಡು ಬರಲು ಹೇಳಿದರು. ಮರಳಿ ಬಂದು ಬಾನೆಟ್ ಎತ್ತಿದಾಗ, ಎಂಜಿನ್ನಿನ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ ಹೊರಟ ಕಂದು ಗೆರೆಯೊಂದು ಬಿಳಿಯ ಪುಡಿಯನ್ನು ತೋಯಿಸುತ್ತಾ, ಎಂಜಿನ್ನಿಗೆ ಗೇರ್‌ಬಾಕ್ಸ್ ಕೂಡುವಲ್ಲಿನ ಬೆಲ್ ಹೌಸಿಂಗ್‌ವರೆಗೆ ಇಳಿದಿತ್ತು. ಕೆಳಗಿನಿಂದ ನೋಡಿದವರಿಗೆ ಅದು ಹಿಂಬದಿಯ ಸೀಲಿನ ಸೋರಿಕೆಯಂತೆಯೇ ಕಾಣುತ್ತದೆ. ಸೀಲ್ ಕೂಡ ಸ್ವಲ್ಪ ಬೆವರುತ್ತಿತ್ತು, ಆದರೆ ಹನಿಗಳಲ್ಲಿ ಹೆಚ್ಚಿನವು ಮೇಲಿನವು. ಎಂಜಿನ್ನಿನೊಳಗಿನ ಅನಿಲದ ಒತ್ತಡಕ್ಕೆ ದಾರಿ ಬಿಡುವ ಪಿಸಿವಿ ವಾಲ್ವನ್ನು ಬಿಚ್ಚಿ ಅಲ್ಲಾಡಿಸಿದರೆ, ಸರಿಯಿದ್ದಾಗ ಕೇಳಬೇಕಾದ ಸದ್ದೇ ಇಲ್ಲ. ಒಳಗೆಲ್ಲ ಮಡ್ಡಿ ಕಟ್ಟಿತ್ತು. ಹೀಗಾದಾಗ ಎಂಜಿನ್ನಿನ ಕೆಳಭಾಗವಾದ ಕ್ರ್ಯಾಂಕ್‌ಕೇಸಿನ ಒತ್ತಡಕ್ಕೆ ಬೇರೆ ದಾರಿಯಿಲ್ಲದೆ ಅದು ಪ್ಯಾಕಿಂಗ್ ಮತ್ತು ಸೀಲುಗಳ ಅಂಚಿನಲ್ಲಿ ಆಯಿಲನ್ನು ಹೊರಗೆ ತಳ್ಳುತ್ತದೆ. ವಾಲ್ವ್ ಮತ್ತು ಟ್ಯಾಪೆಟ್ ಕವರ್ ಪ್ಯಾಕಿಂಗ್ ಬದಲಿಸಿದ ಮೇಲೆ ರಾತ್ರಿಗೆ ಒಂದೇ ಹನಿ ಉಳಿಯಿತು.

ಆ ಒಂದು ಹನಿಗಾಗಿ ದ್ರಾವಣವನ್ನು ಬಳಸಿದೆ. ವರ್ಷಗಟ್ಟಲೆ ಬಿಸಿಗೆ ಕಾದು ಗಡುಸಾದ ರಬ್ಬರಿಗೆ ಅದು ಇಳಿದು, ರಬ್ಬರನ್ನು ಮೆದುಗೊಳಿಸಿ ತುಸು ಉಬ್ಬಿಸುವುದರಿಂದ ಸೀಲಿನ ತುಟಿ ಶಾಫ್ಟಿಗೆ ಮತ್ತೆ ಒತ್ತಿ ಕೂರುತ್ತದೆ. ಮೊದಲ 300 ಕಿ.ಮೀ.ವರೆಗೆ ಯಾವ ಬದಲಾವಣೆಯೂ ಕಾಣಲಿಲ್ಲ. 800 ಕಿ.ಮೀ. ದಾಟುವ ಹೊತ್ತಿಗೆ, ಕಾರಿನಡಿ ಹಾಸಿದ ಪತ್ರಿಕೆಯ ಮೇಲಿನ ಕಲೆ ರೂಪಾಯಿ ನಾಣ್ಯದಷ್ಟಿದ್ದದ್ದು ಅಂಗಿಯ ಗುಂಡಿಯಷ್ಟಾಯಿತು. ಪೂರ್ತಿ ನಿಲ್ಲಲಿಲ್ಲ, ಆದರೆ ಕೊಟ್ಟ ಹಣಕ್ಕೆ ಮೋಸವಾಗಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಬಲ್ಲೆ.

ನನ್ನ ಆಕ್ಷೇಪವಿರುವುದು ಲೇಬಲ್ಲಿನ ಬಗ್ಗೆ. ಎಲ್ಲ ಬಗೆಯ ಸೋರಿಕೆಯೂ ನಿಲ್ಲುತ್ತದೆ ಎಂಬ ಭರವಸೆ ಅಲ್ಲಿದೆ. ಹರಿದ ತುಟಿ, ಸಡಿಲಗೊಂಡ ಸ್ಪ್ರಿಂಗ್, ಸೀಲ್ ಉಜ್ಜಿ ಉಜ್ಜಿ ಗೀರು ಬಿದ್ದ ಶಾಫ್ಟ್, ಇವುಗಳಿಗೆ ಯಾವ ದ್ರಾವಣವೂ ಮದ್ದಲ್ಲ. ಕ್ಲಚ್ ಪ್ಲೇಟಿಗೆ ಆಯಿಲ್ ತಾಗಿ ಅದು ಜಾರತೊಡಗಿದ್ದರೆ ಬಾಟಲಿಗೆ ಹಣ ಸುರಿಯದೆ ನೇರವಾಗಿ ಗೇರ್‌ಬಾಕ್ಸ್ ಇಳಿಸುವುದೇ ಸರಿ. ಬೇಗ ಗುಣವಾಗಲೆಂದು ಎರಡು ಬಾಟಲಿ ಸುರಿಯುವುದೂ ಬೇಡ. ಅತಿಯಾಗಿ ಮೆತ್ತಗಾದ ರಬ್ಬರ್ ಮತ್ತೆ ಗಟ್ಟಿಯಾಗುವುದಿಲ್ಲ.

ಈಗ ಪ್ರತಿ ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡುತ್ತೇನೆ. ಕ್ಲಚ್ ಪ್ಲೇಟ್ ಸವೆದು ಗೇರ್‌ಬಾಕ್ಸ್ ಹೇಗೂ ಇಳಿಯುವ ದಿನ ಹಿಂಬದಿಯ ಸೀಲನ್ನೂ ಬದಲಿಸಬೇಕೆಂದು ಆ ಮೆಕ್ಯಾನಿಕ್‌ಗೆ ಈಗಲೇ ಹೇಳಿಟ್ಟಿದ್ದೇನೆ.